ಮೂರು ಚಿಕ್ಕ ಟ್ಯೂಬ್ ಆಂಪ್‌ಗಳು: ಕಾರವಾರದ ಹಂಚಿನ ಮನೆಗೆ ಯಾವುದು ಹೊಂದುತ್ತದೆ?

ಎಲೆಕ್ಟ್ರಿಕ್ ಗಿಟಾರ್‌ಗೆ ಹಳೆಯ ಶೈಲಿಯ ಚಿಕ್ಕ ಟ್ಯೂಬ್ ಆಂಪ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್‌ಗಳಿಂದ ಗಿಟಾರ್‌ನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವ್ಯಾಟ್ ಎಂದು. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಂಚಿನ ಮನೆಯ ಮುಂಭಾಗದ ಕೋಣೆಯಲ್ಲಿ ಫೆಂಡರ್ ಚಾಂಪಿಯನ್ 600, ವಾಕ್ಸ್ ಎಸಿ4ಟಿವಿ ಮತ್ತು ಬ್ಲಾಕ್‌ಸ್ಟಾರ್ ಎಚ್‌ಟಿ-1ಆರ್ ಈ ಮೂರನ್ನೂ ಒಂದೇ ಗಿಟಾರ್, ಒಂದೇ ಕೇಬಲ್ ಇಟ್ಟುಕೊಂಡು ನುಡಿಸಿ ನೋಡಿದ ಮೇಲೆ, ಸ್ಪೀಕರ್‌ನ ಅಳತೆಯನ್ನೂ ಮನೆ ಸಹಿಸುವಷ್ಟು ಸದ್ದಿನಲ್ಲಿ ಔಟ್‌ಪುಟ್ ಟ್ಯೂಬ್ (ಸ್ಪೀಕರ್‌ಗೆ ಶಕ್ತಿ ಕೊಡುವ ಟ್ಯೂಬ್) ಪೂರ್ತಿ ದುಡಿಯುತ್ತದೆಯೇ ಎಂಬುದನ್ನೂ ಮೊದಲು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯವಾಗಿದೆ. ಟ್ಯೂಬ್ ಆಂಪ್‌ಗೆ ಜನ ಹಣ ಕೊಡುವುದೇ ಅದರ ಸ್ವರ ಮೆಲ್ಲಗೆ ಒಡೆದು ಒರಟಾಗತೊಡಗುವ ಆ ಘಟ್ಟಕ್ಕಾಗಿ. ಅಲ್ಲಿಯವರೆಗೆ ಗುಂಡಿ ತಿರುಗಿಸಲಾಗದಿದ್ದರೆ ಕೊಟ್ಟ ಹಣ ಪೆಟ್ಟಿಗೆಯ ಅಂದಕ್ಕೆ ಮಾತ್ರ ಸಂದಂತೆ.

ಅಂದದ ವಿಷಯದಲ್ಲಿ ಚಾಂಪಿಯನ್ 600ಕ್ಕೆ ಸಾಟಿಯಿಲ್ಲ. ಲಿಯೋ ಫೆಂಡರ್ ಅವರ ಕ್ಯಾಲಿಫೋರ್ನಿಯಾದ ಕಂಪನಿಯು 1940ರ ದಶಕದ ಕೊನೆಯಲ್ಲಿ ಕಲಿಯುವವರಿಗಾಗಿ ಹೊರತಂದಿದ್ದ ಪುಟ್ಟ ಆಂಪ್‌ನ ವೇಷವನ್ನೇ ತೊಟ್ಟು, ಎರಡು ಬಣ್ಣದ ಹೊದಿಕೆಯೊಂದಿಗೆ ಇದು 2000ರ ದಶಕದಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತ್ತು. ಒಳಗಿರುವುದು ಗಿಟಾರ್‌ನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಒಂದು 12ಎಎಕ್ಸ್7 ಟ್ಯೂಬ್, ಔಟ್‌ಪುಟ್‌ಗೆ ಒಂದು 6ವಿ6 ಟ್ಯೂಬ್, ಐದು ವ್ಯಾಟ್ ಶಕ್ತಿ ಮತ್ತು 6 ಇಂಚಿನ ಸ್ಪೀಕರ್. ಹೊರಗಿರುವುದು ವಾಲ್ಯೂಮಿನ ಒಂದೇ ಗುಂಡಿ. ಟೋನ್ ಬೇಕಾದರೆ ಗಿಟಾರ್‌ನಲ್ಲೇ ತಿರುಗಿಸಿಕೊಳ್ಳಬೇಕು. ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ (ತಂತಿಯ ಕಂಪನವನ್ನು ಹಿಡಿಯುವ, ಒಂದೇ ಸುರುಳಿಯ ಭಾಗ), ಗುಂಡಿ ಅರ್ಧಕ್ಕಿಂತ ಕೆಳಗಿರುವಾಗ, ಸಣ್ಣ ತಂತಿಗಳ ನಾದ ತಿಳಿಯಾಗಿ, ಒಂದೊಂದು ಸ್ವರವೂ ಬಿಡಿಯಾಗಿ ಕೇಳುತ್ತದೆ. ಗುಂಡಿ ಏರಿದಂತೆ ದಪ್ಪ ತಂತಿಗಳನ್ನು ಆ 6 ಇಂಚಿನ ಸ್ಪೀಕರ್ ಹೊರಲಾರದೆ ಕಾಗದ ಬಡಿದಂತೆ ಸದ್ದು ಮಾಡುತ್ತದೆ. ಎರಡು ಸುರುಳಿಯ ಹಂಬಕರ್ ಪಿಕಪ್ ಹಾಕಿ ಪೂರ್ತಿ ಏರಿಸಿದ ದಿನ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ, “ತಮಾ, ರೇಡಿಯೋ ಕೆಟ್ಟೋಯ್ತನೋ?” ಎಂದು ವಿಚಾರಿಸಿದರು. ಅವರ ಕಿವಿ ಸರಿಯಾಗಿಯೇ ಇತ್ತು. ಅದೇ ಆಂಪ್‌ನ ಸ್ಪೀಕರ್ ತಂತಿಯನ್ನು ಬಿಡಿಸಿ, ಓಮ್ (ವಿದ್ಯುತ್ ತಡೆಯ ಅಳತೆ) ಹೊಂದುವ 12 ಇಂಚಿನ ಸ್ಪೀಕರ್ ಕ್ಯಾಬಿನೆಟ್‌ಗೆ ಜೋಡಿಸಿದರೆ ಬೇರೊಂದು ಆಂಪ್ ಎನ್ನುವಷ್ಟು ದುಂಡಾದ ನಾದ ಹೊರಡುತ್ತದೆ. ಹಾಗೆ ಬದಲಿಸುವಾಗ ಆಂಪ್ ಬಂದ್ ಇರಲೇಬೇಕು. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿದೆ.

ವಾಕ್ಸ್ ಎಸಿ4ಟಿವಿಯ ಹೆಸರಿನಲ್ಲಿರುವ ‘ಟಿವಿ’ಗೆ ತಕ್ಕಂತೆ ಅದರ ಮುಖ ಹಳೆಯ ಟೆಲಿವಿಷನ್ ಪೆಟ್ಟಿಗೆಯ ಹಾಗೆಯೇ ಇದೆ. ಇದರಲ್ಲಿ 12ಎಎಕ್ಸ್7ರ ಜೊತೆಗಿರುವುದು ಇಎಲ್84, ಅಂದರೆ ಎಸಿ15 ಮತ್ತು ಎಸಿ30 ಎಂಬ ಹಳೆಯ ಆಂಪ್‌ಗಳ ಕಾಲದಿಂದಲೂ ವಾಕ್ಸ್‌ನ ಗುರುತಾಗಿರುವ ಸಪೂರ ಒಂಬತ್ತು ಪಿನ್ನಿನ ಟ್ಯೂಬ್. ಸ್ಪೀಕರ್ 10 ಇಂಚಿನದು. ಗುಂಡಿಗಳು ವಾಲ್ಯೂಮ್, ಟೋನ್ ಮತ್ತು 4, 1, ಕಾಲು ವ್ಯಾಟ್ ಎಂಬ ಮೂರು ನಿಲುಗಡೆಗಳ ಔಟ್‌ಪುಟ್ ಸ್ವಿಚ್. ಈ ಸ್ವಿಚ್ಚೇ ನನ್ನ ತೀರ್ಮಾನವನ್ನು ಬದಲಿಸಿತು. 4 ವ್ಯಾಟ್‌ನಿಂದ ಕಾಲು ವ್ಯಾಟ್‌ಗೆ ಇಳಿದರೆ ಶಕ್ತಿ ಹದಿನಾರರಲ್ಲಿ ಒಂದು ಪಾಲಾಗುತ್ತದೆಯಾದರೂ ಡೆಸಿಬೆಲ್ ಲೆಕ್ಕದಲ್ಲಿ ಅದು 12ರಷ್ಟು ಇಳಿಕೆ ಮಾತ್ರ. 10 ಡೆಸಿಬೆಲ್ ಇಳಿದಾಗ ಕಿವಿಗೆ ಸದ್ದು ಅರ್ಧವಾದಂತೆ ತೋರುವುದರಿಂದ, ಅರ್ಧಕ್ಕಿಂತ ತುಸು ಕಡಿಮೆಯ ಸದ್ದಿನಲ್ಲಿ ಟ್ಯೂಬ್ ಪೂರ್ತಿ ದುಡಿಯುತ್ತಲೇ ಇರುತ್ತದೆ. ರಾತ್ರಿ ಊಟದ ಹೊತ್ತಿಗೆ ಕಾಲು ವ್ಯಾಟ್ ಕೂಡ ನಮ್ಮ ಕೋಣೆಗೆ ಹೆಚ್ಚೇ. ಆ ಮಟ್ಟದಲ್ಲಿ ಸ್ಪೀಕರ್‌ನ ಕೋನ್ ಹೆಚ್ಚು ಅಲುಗಾಡದ ಕಾರಣ ನಾದ ಸ್ವಲ್ಪ ಮಂಕಾಗುತ್ತದೆ, ಟೋನ್ ಗುಂಡಿಯನ್ನು ಏರಿಸಿ ಸರಿದೂಗಿಸಿಕೊಳ್ಳಬೇಕು. ನನಗೆ ಹೆಚ್ಚು ಹಿಡಿಸಿದ್ದು 1 ವ್ಯಾಟ್‌ನ ನಿಲುಗಡೆ: ಮೆಲ್ಲಗೆ ಮೀಟಿದರೆ ತಿಳಿಯಾದ ಗಂಟೆಯಂಥ ನಾದ, ಒತ್ತಿ ಮೀಟಿದರೆ ಅಂಚಿನಲ್ಲಿ ಒರಟು; ನಡುವೆ ಪೆಡಲ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ರಿವರ್ಬ್ (ನಾದಕ್ಕೆ ದೊಡ್ಡ ಕೋಣೆಯ ಅನುರಣನ ಕೊಡುವ ಸೌಲಭ್ಯ) ಇಲ್ಲದಿರುವುದು ಕೊರತೆಯೇ ಹೌದು.

ರಿವರ್ಬ್ ಬೇಕೆನ್ನುವವರಿಗೆ ಎಚ್‌ಟಿ-1ಆರ್ ಇದೆ. ಮಾರ್ಷಲ್‌ನಿಂದ ಹೊರಬಂದ ಎಂಜಿನಿಯರ್‌ಗಳು 2004ರಲ್ಲಿ ಕಟ್ಟಿದ ಬ್ಲಾಕ್‌ಸ್ಟಾರ್ ಕಂಪನಿಯು ಇದರಲ್ಲಿ ಒಂದು ಇಸಿಸಿ82 ಟ್ಯೂಬ್‌ನ ಎರಡು ಅರ್ಧಗಳನ್ನು ಪುಶ್-ಪುಲ್ ಆಗಿ, ಅಂದರೆ ಸರದಿಯಲ್ಲಿ, ದುಡಿಸಿ 1 ವ್ಯಾಟ್ ತೆಗೆದಿದೆ. 8 ಇಂಚಿನ ಸ್ಪೀಕರ್, ಎರಡು ಚಾನಲ್, ಹೆಡ್‌ಫೋನ್‌ಗೆ ದಾರಿ ಎಲ್ಲವೂ ಇವೆ. ರಾಕ್ ನುಡಿಸುವ ಹುಡುಗರಿಗೆ ಇದರ ಓವರ್‌ಡ್ರೈವ್ (ಒರಟು ನಾದದ) ಚಾನಲ್ ಮೂರರಲ್ಲೂ ಹೆಚ್ಚು ದಟ್ಟವಾಗಿ ಒದಗುತ್ತದೆ. ಹಳೆಯ ಕಾಲದ ನಾದವನ್ನು ಹುಡುಕಿಕೊಂಡು ಹೋದ ನನಗೆ ಅದರ ಕ್ಲೀನ್ ಚಾನಲ್ ಸಪ್ಪೆಯೆನಿಸಿತು.

ಇನ್ನು ನಮ್ಮ ಕರಾವಳಿಯ ಕರೆಂಟು. ಮಳೆಗಾಲದಲ್ಲಿ 230 ವೋಲ್ಟ್ ಇರಬೇಕಾದ ಕಡೆ 190ಕ್ಕೆ ಇಳಿದರೆ, 6.3 ವೋಲ್ಟ್ ಸಿಗಬೇಕಾದ ಟ್ಯೂಬ್‌ನ ಹೀಟರ್‌ಗೆ ಸಿಗುವುದು ಸುಮಾರು 5.2 ಮಾತ್ರ, ನಾದ ಸೊರಗುತ್ತದೆ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹೊರಳಿದಾಗ ಚಾಂಪಿಯನ್ ಮತ್ತು ವಾಕ್ಸ್ ಎರಡೂ ಗೊಂಯ್‌ಗುಡುವುದಲ್ಲದೆ, ಅವುಗಳ ಸ್ವರ ಬೇಗನೆ ಒಡೆಯತೊಡಗುತ್ತದೆ. ಮಾಮೂಲಿ ಕರೆಂಟಿನ ಸೈನ್ ಅಲೆಯ ತುದಿ 325 ವೋಲ್ಟ್ ತನಕ ಏರುತ್ತದೆ, ಚೌಕ ಅಲೆಯದು 230ಕ್ಕೇ ನಿಲ್ಲುತ್ತದೆ. ಟ್ಯೂಬ್‌ಗೆ ಬೇಕಾದ ಹೈ ವೋಲ್ಟೇಜ್ ಅಲೆಯ ತುದಿಯಿಂದ ಹುಟ್ಟುವುದರಿಂದ ಆ ಪೂರೈಕೆ ಸುಮಾರು ಮೂರನೆಯ ಒಂದು ಭಾಗದಷ್ಟು ಕುಸಿಯುತ್ತದೆ. ಸ್ಟೆಬಿಲೈಸರ್ ಮತ್ತು ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದವರಿಗೆ ಈ ತೊಂದರೆಯಿಲ್ಲ. ಅಮೆರಿಕದಿಂದ ಬಂಧುಗಳ ಕೈಯಲ್ಲಿ ತರಿಸಿಕೊಂಡ ಆಂಪ್ ಆದರೆ ಅದು 120 ವೋಲ್ಟ್‌ನದಲ್ಲವೇ ಎಂದು ಹಿಂಬದಿಯಲ್ಲಿ ಓದಿಕೊಂಡೇ ಪ್ಲಗ್ ಹಾಕಬೇಕು.

ಉಪ್ಪುಗಾಳಿಗೆ ಟ್ಯೂಬ್ ಪಿನ್ನು, ಸಾಕೆಟ್ಟು, ಜ್ಯಾಕುಗಳೆಲ್ಲ ಕಪ್ಪಿಡುತ್ತವೆ. ಸಾಕೆಟ್ ದೊಡ್ಡದಿರುವ 6ವಿ6 ಇಲ್ಲಿ ತುಸು ಮೇಲು, ಪಿನ್ನುಗಳನ್ನು ಒರೆಸಿಕೊಳ್ಳುವುದು ಸುಲಭ. ಇಎಲ್84ರ ತೆಳು ಪಿನ್ನುಗಳನ್ನು ನೋಡಿಕೊಂಡು ಹಾಕಬೇಕು. ಚಾಂಪಿಯನ್ ಮತ್ತು ವಾಕ್ಸ್ ಎರಡೂ ಕ್ಯಾಥೋಡ್ ಬಯಾಸ್‌ನವಾದ್ದರಿಂದ (ಟ್ಯೂಬ್‌ನಲ್ಲಿ ಹರಿಯುವ ಕರೆಂಟು ತಾನೇ ಹೊಂದಿಕೊಳ್ಳುವಂಥವು) ಔಟ್‌ಪುಟ್ ಟ್ಯೂಬ್ ಬದಲಿಸಿದಾಗ ಬಯಾಸ್ ಹೊಂದಿಸುವ ಕೆಲಸವಿಲ್ಲ. ಹಿಂಬದಿಯ ಹಲಗೆ ಬಿಚ್ಚುವವರಿಗೆ ಒಂದು ಎಚ್ಚರಿಕೆ: ಸ್ವಿಚ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕೈ ಜುಮ್ಮೆನ್ನುವುದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಉಳಿದಿರಬಹುದು, ಪ್ರಾಣಾಪಾಯವೂ ಉಂಟು.

ಮನೆಗೆ ಒಂದನ್ನೇ ಇಟ್ಟುಕೊಳ್ಳುವುದಾದರೆ ನಾನು ವಾಕ್ಸ್ ಆರಿಸುತ್ತೇನೆ. ಮನೆಯಲ್ಲಿ ದೊಡ್ಡ ಕ್ಯಾಬಿನೆಟ್ ಆಗಲೇ ಇದ್ದವರಿಗೆ ಚಾಂಪಿಯನ್ ಒಳ್ಳೆಯದು. ಹೆಡ್‌ಫೋನ್ ಇಲ್ಲದೆ ನಡೆಯದು ಎನ್ನುವ ಮನೆಗೆ ಬ್ಲಾಕ್‌ಸ್ಟಾರ್ ಒಂದೇ ದಾರಿ. ಮೊದಲೆರಡರ ತಯಾರಿ ನಿಂತಿರುವುದರಿಂದ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಕೊಳ್ಳುವ ಮುನ್ನ ಆಂಪ್ ಹಚ್ಚಿ ಅರ್ಧ ಗಂಟೆ ಬಿಸಿಯಾಗಲು ಬಿಡಿ, ಗಿಟಾರ್ ಜೋಡಿಸದೆ ವಾಲ್ಯೂಮ್ ಗುಂಡಿಯನ್ನು ನಿಧಾನ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಕೇಳಿ, ಪೆನ್ಸಿಲಿನ ಹಿಂತುದಿಯಿಂದ ಟ್ಯೂಬನ್ನು ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆ ಹೊಡೆದಂತೆ ಮೊಳಗಿದರೆ ಟ್ಯೂಬ್ ಮೈಕ್ರೋಫೋನಿಕ್ ಆಗಿದೆ (ಮೈಕಿನಂತೆ ಅಲುಗಾಟವನ್ನೂ ಹಿಡಿಯುತ್ತಿದೆ) ಎಂದು ತಿಳಿದು, ಹೊಸ ಟ್ಯೂಬಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.