ಹಳೆ ಲ್ಯಾಪ್‌ಟಾಪ್ ಪರದೆ, ರಾಸ್ಪ್‌ಬೆರಿ ಪೈ ಮತ್ತು ನಡುವೆ ಕೂರುವ ಎನ್‌ಟಿ68676 ಬೋರ್ಡ್

ಮೂಲೆ ಸೇರಿದ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಸಲ ಕೆಟ್ಟಿರುವುದು ಮದರ್‌ಬೋರ್ಡು, ಇಲ್ಲವೇ ಮುರಿದಿರುವುದು ಹಿಂಜು. ಪರದೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮಾನಿಟರ್ ಮಾಡಿಕೊಳ್ಳಬೇಕೆಂದರೆ ನಡುವೆ ಒಂದು ಕಂಟ್ರೋಲರ್ ಬೋರ್ಡ್ ಬೇಕೇ ಬೇಕು. ಪೈ ಕೊಡುವುದು ಟಿವಿ, ಮಾನಿಟರುಗಳಿಗೆ ಹೋಗುವ ಎಚ್‌ಡಿಎಂಐ ಸಿಗ್ನಲ್, ಪರದೆಗೆ ಬೇಕಾದದ್ದು ಲ್ಯಾಪ್‌ಟಾಪಿನೊಳಗೆ ಬಳಕೆಯಾಗುವ ಎಲ್‌ವಿಡಿಎಸ್ ಸಿಗ್ನಲ್. ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವ ಎಂ.ಎನ್‌ಟಿ68676 ಬೋರ್ಡಿನಲ್ಲಿ ನೊವಾಟೆಕ್ ಚಿಪ್ ಇದೆ; ಎಚ್‌ಡಿಎಂಐ, ಡಿವಿಐ, ವಿಜಿಎ ಮೂರೂ ಇವೆ. ಕಿಟ್‌ನಲ್ಲಿ ಎಲ್‌ವಿಡಿಎಸ್ ಕೇಬಲ್, ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ತಂತಿ, ಐದು ಬಟನ್ನಿನ ಪುಟ್ಟ ಕೀಪ್ಯಾಡ್ ಬರುತ್ತವೆ. ಚಿತ್ರದ ಗುಣಮಟ್ಟದಲ್ಲಿ ಈ ಬೋರ್ಡಿಗೆ ಹೆಸರಿಡುವಂತಿಲ್ಲ. ಪ್ಯಾನೆಲ್, ಅಂದರೆ ಪರದೆ ಯಾವುದೆಂದು ನೋಡದೆ ಕಿಟ್ ತರಿಸಿದವರೇ ಕೈ ಸುಟ್ಟುಕೊಳ್ಳುವುದು.

ಆದ್ದರಿಂದ ಮೊದಲು ಪರದೆ ಬಿಚ್ಚಿ, ಹಿಂಭಾಗದ ಸ್ಟಿಕ್ಕರಿನ ಮೇಲಿರುವ ಪೂರ್ತಿ ಸಂಖ್ಯೆ ಓದಿ. ಲ್ಯಾಪ್‌ಟಾಪಿನ ಮಾಡೆಲ್ ಹೇಳಿದರೆ ಸಾಲದು, ಒಂದೇ ಮಾಡೆಲ್‌ಗೆ ಕಂಪನಿಗಳು ಎರಡು ಮೂರು ಬಗೆಯ ಪ್ಯಾನೆಲ್ ಹಾಕಿರುತ್ತವೆ. ಸಂಖ್ಯೆಯ ಕೊನೆಯ ಅಕ್ಷರಗಳೇ ಮುಖ್ಯ. ಎನ್156ಬಿಜಿಇ-ಎಲ್21 ಎಂಬುದು 40 ಪಿನ್ನಿನ ಎಲ್‌ವಿಡಿಎಸ್ ಪ್ಯಾನೆಲ್. ಎನ್156ಬಿಜಿಇ-ಇ31 ಎಂಬುದು 30 ಪಿನ್ನಿನ ಇಡಿಪಿ, ಅಂದರೆ ಎಲ್‌ವಿಡಿಎಸ್‌ಗಿಂತ ಹೊಸ ಬಗೆಯ ಸಿಗ್ನಲ್ಲಿನದು. ಎರಡೂ 15.6 ಇಂಚು, ಎರಡೂ 1366×768. ಎಲ್‌ಜಿ ಪ್ಯಾನೆಲ್‌ಗಳಲ್ಲಿ ಎಲ್‌ಪಿ156ಡಬ್ಲ್ಯುಎಚ್4-ಟಿಎಲ್ ಎಂದಿದ್ದರೆ ಎಲ್‌ವಿಡಿಎಸ್, ಎಲ್‌ಪಿ156ಡಬ್ಲ್ಯುಎಚ್‌ಬಿ-ಟಿಪಿ ಎಂದಿದ್ದರೆ ಇಡಿಪಿ. ಇಡಿಪಿ ಪ್ಯಾನೆಲ್‌ಗೆ ಎನ್‌ಟಿ68676 ಖಂಡಿತ ಹೊಂದುವುದಿಲ್ಲ, ಯಾವ ಕೇಬಲ್ ಹಾಕಿದರೂ ಅಷ್ಟೇ. ಅದಕ್ಕೆ ಆರ್‌ಟಿಡಿ2556 ಬಗೆಯ ಇಡಿಪಿ ಬೋರ್ಡ್ ಕೇಳಬೇಕು. ಪಿನ್ ಎಣಿಸಿ ನಿರ್ಧರಿಸಬೇಡಿ: 40 ಪಿನ್ನಿನ ಇಡಿಪಿ ಪ್ಯಾನೆಲ್‌ಗಳೂ ಇವೆ, ಕನೆಕ್ಟರ್ ನೋಡಲು ಎಲ್‌ವಿಡಿಎಸ್‌ನ ಹಾಗೆಯೇ ಇದ್ದರೂ ಒಳಗಿನ ತಂತಿಗಳ ಜೋಡಣೆ ಬೇರೆ.

ಆರ್ಡರ್ ಮಾಡುವಾಗ ಪ್ಯಾನೆಲ್ ಸಂಖ್ಯೆಯನ್ನು ಅಂಗಡಿಯವರಿಗೆ ಬರೆದು ಕಳಿಸಿ, ಅದಕ್ಕೆ ತಕ್ಕ ಫರ್ಮ್‌ವೇರ್ (ಬೋರ್ಡಿನೊಳಗೆ ಕೂರುವ ತಂತ್ರಾಂಶ) ತುಂಬಿಯೇ ಕೊಡಿ ಎಂದು ಕೇಳಿ. ಈ ಬೋರ್ಡಿನ ದೊಡ್ಡ ಕೊರತೆ ಇರುವುದು ಇಲ್ಲೇ. 1366×768ಕ್ಕೆ ತುಂಬಿದ್ದು 1600×900 ಪ್ಯಾನೆಲ್‌ಗೆ ಆಗದು, ಮೊದಲನೆಯದಕ್ಕೆ ಸಿಗ್ನಲ್ ಹೋಗುವುದು ಒಂದು ಚಾನೆಲ್‌ನಲ್ಲಿ, ಎರಡನೆಯದಕ್ಕೆ ಎರಡರಲ್ಲಿ. ಆಮೇಲೆ ಬದಲಿಸಬೇಕೆಂದರೆ ಪ್ರತ್ಯೇಕ ಪ್ರೋಗ್ರಾಮರ್ ಬೇಕು. ಬೆಂಗಳೂರಿನವರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಪ್ಯಾನೆಲನ್ನೇ ಹಿಡಿದುಕೊಂಡು ಹೋಗಿ, ಅಂಗಡಿಯಲ್ಲೇ ಹಚ್ಚಿ ನೋಡಿ ತರುವುದು ಒಳ್ಳೆಯದು. ಪ್ಯಾನೆಲನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕೆಂದಿದ್ದರೆ ಈ ದಾರಿ ಬೇಡ, ಸೆಕೆಂಡ್ ಹ್ಯಾಂಡ್ ಮಾನಿಟರೇ ಅಗ್ಗ. ಪರದೆ ಮನೆಯಲ್ಲೇ ಬಿದ್ದಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಇನ್ನು ವೋಲ್ಟೇಜ್ ಜಂಪರ್, ಅಂದರೆ ಪಿನ್‌ಗಳ ಮೇಲೆ ಕೂರಿಸಿ ವೋಲ್ಟೇಜ್ ಆರಿಸುವ ಪುಟ್ಟ ಕ್ಲಿಪ್. ಬೋರ್ಡಿನ ಮೇಲೆ 3.3, 5, 12 ಎಂಬ ಮೂರು ಸ್ಥಾನಗಳಿವೆ. ಇದು ಪ್ಯಾನೆಲಿನ ಲಾಜಿಕ್‌ಗೆ (ಚಿತ್ರ ಮೂಡಿಸುವ ಸರ್ಕಿಟಿಗೆ) ಹೋಗುವ ವೋಲ್ಟೇಜ್. ಲ್ಯಾಪ್‌ಟಾಪ್ ಪ್ಯಾನೆಲ್‌ಗಳಿಗೆ ಬೇಕಿರುವುದು 3.3, ಜಂಪರ್ 12ರಲ್ಲಿದ್ದರೆ ಸ್ವಿಚ್ ಹಾಕಿದ ಕ್ಷಣವೇ ಪ್ಯಾನೆಲ್ ಹೋಯಿತು. ಅಂಗಡಿಯಿಂದ ಬಂದ ಜಂಪರನ್ನು ನಂಬಬೇಡಿ. ಪ್ಯಾನೆಲ್ ಜೋಡಿಸದೆ ಬೋರ್ಡಿಗೆ ವಿದ್ಯುತ್ ಮತ್ತು ಎಚ್‌ಡಿಎಂಐ ಸಿಗ್ನಲ್ ಎರಡನ್ನೂ ಕೊಟ್ಟು, ಬೋರ್ಡಿನ ಎಲ್‌ವಿಡಿಎಸ್ ಹೆಡರಿನಲ್ಲಿ (ಪಿನ್‌ಗಳ ಸಾಲಿನಲ್ಲಿ) ಕೇಬಲಿನ ಕೆಂಪು ತಂತಿಗಳು ಕೂರುವ ಪಿನ್‌ಗಳನ್ನು ಮಲ್ಟಿಮೀಟರಿನಿಂದ ಅಳೆಯಿರಿ. 3.3ರ ಆಸುಪಾಸು ಕಂಡ ಮೇಲಷ್ಟೇ ಮುಂದಿನ ಹೆಜ್ಜೆ.

ಪ್ಯಾನೆಲ್ ಬದಿಯ ಕನೆಕ್ಟರಿನಲ್ಲಿ ಪಿನ್‌ಗಳ ಅಂತರ ಅರ್ಧ ಮಿಲಿಮೀಟರ್ ಮಾತ್ರ. ಅದನ್ನು ಮೇಲಿನಿಂದ ಒತ್ತುವುದಲ್ಲ, ಸರ್ಕಿಟ್ ಪಟ್ಟಿಗೆ ಸಮಾನಾಂತರವಾಗಿ ಜಾರಿಸಿ ಕೂರಿಸಬೇಕು. ವಿದ್ಯುತ್ ತೆಗೆದೇ ಈ ಕೆಲಸ ಮಾಡಿ. ಓರೆಯಾಗಿ ಕೂತರೆ ಬ್ಯಾಕ್‌ಲೈಟಿನ 12 ವೋಲ್ಟ್ ಪಕ್ಕದ ಪಿನ್ನಿಗೆ ಹರಿಯುತ್ತದೆ. ಅದೃಷ್ಟವಿದ್ದರೆ ಪ್ಯಾನೆಲಿನ ಪಟ್ಟಿಯ ಮೇಲಿರುವ ಅಕ್ಕಿಕಾಳಿಗಿಂತ ಚಿಕ್ಕ ಫ್ಯೂಸ್ ಮಾತ್ರ ಸುಡುತ್ತದೆ. ಬಹಳ ಪ್ಯಾನೆಲ್‌ಗಳಲ್ಲಿ ಅದರ ಪಕ್ಕ ಎಫ್1 ಎಂದು ಅಚ್ಚಾಗಿರುತ್ತದೆ. ವಿದ್ಯುತ್ ತೆಗೆದು, ಮಲ್ಟಿಮೀಟರನ್ನು ಬೀಪ್ ಸದ್ದು ಮಾಡುವ ಸ್ಥಾನಕ್ಕೆ ತಿರುಗಿಸಿ ಫ್ಯೂಸಿನ ಎರಡೂ ತುದಿಗೆ ಮುಟ್ಟಿಸಿ. ಬೀಪ್ ಬರದಿದ್ದರೆ ಫ್ಯೂಸ್ ಹೋಗಿದೆ ಎಂದರ್ಥ, ಮೊಬೈಲ್ ರಿಪೇರಿಯವರು ಅದನ್ನು ಬದಲಿಸಿಕೊಡಬಲ್ಲರು.

ಹಚ್ಚಿದಾಗ ಏನು ಕಾಣುತ್ತದೆ ಎನ್ನುವುದರಲ್ಲೇ ತಪ್ಪಿನ ಸುಳಿವು ಇರುತ್ತದೆ. ಪರದೆ ಪೂರ್ತಿ ಬೆಳ್ಳಗಿದ್ದರೆ ಬ್ಯಾಕ್‌ಲೈಟ್ ಬಂದಿದೆ, ಲಾಜಿಕ್ ವೋಲ್ಟೇಜೋ ಸಿಗ್ನಲ್ಲೋ ಬಂದಿಲ್ಲ. ಕೇಬಲ್ ಮತ್ತೆ ಕೂರಿಸಿ. ಪರದೆ ಕಪ್ಪಗಿದ್ದು, ಟಾರ್ಚ್ ಓರೆಯಾಗಿ ಹಿಡಿದಾಗ ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ತಂತಿಯನ್ನೋ ಆ ಫ್ಯೂಸನ್ನೋ ನೋಡಬೇಕು. ಚಿತ್ರ ಎರಡೆರಡಾಗಿ ಕಂಡರೆ ಇಲ್ಲವೇ ಉದ್ದುದ್ದ ಗೆರೆಗಳಾಗಿ ಸೀಳಿದರೆ ಒಂದು ಚಾನೆಲ್, ಎರಡು ಚಾನೆಲ್ ಅದಲುಬದಲಾದ ಫರ್ಮ್‌ವೇರ್. ಮುಖಗಳು ಫೋಟೋ ನೆಗೆಟಿವ್‌ನಂತೆ, ಬಣ್ಣಗಳು ಪದರಪದರವಾಗಿ ಕಂಡರೆ 6 ಬಿಟ್, 8 ಬಿಟ್ ಗೊಂದಲ: ಬಣ್ಣದ ಮಾಹಿತಿಯನ್ನು ಬೋರ್ಡ್ ಕಳಿಸುವ ಬಗೆ ಒಂದು, ಪ್ಯಾನೆಲ್ ಬಯಸುವ ಬಗೆ ಇನ್ನೊಂದು. ಕೊನೆಯ ಎರಡಕ್ಕೂ ತಂತಿ ಅಲುಗಾಡಿಸಿ ಫಲವಿಲ್ಲ, ಬೋರ್ಡನ್ನೇ ವಾಪಸು ಮಾಡಿ ಸರಿಯಾದದ್ದು ತರಿಸಬೇಕು.

ಪೈ ಕಡೆಯಿಂದ ಬರುವ ತಲೆನೋವು 1366 ಎಂಬ ಸಂಖ್ಯೆ. ಅದು 8ರಿಂದ ಭಾಗವಾಗುವುದಿಲ್ಲ, ಹಾಗಾಗಿ ಕೆಲವು ಬೋರ್ಡುಗಳು ಪೈಗೆ 1360 ಎಂದೋ 1280×720 ಎಂದೋ ಹೇಳುತ್ತವೆ, ಅಕ್ಷರಗಳು ಮಸುಕಾಗುತ್ತವೆ. ಹಳೆಯ ಓಎಸ್‌ನಲ್ಲಿ ಕಾನ್ಫಿಗ್ ಫೈಲಿನಲ್ಲಿ ಎಚ್‌ಡಿಎಂಐ ಗ್ರೂಪ್ 2, ಮೋಡ್ 81 ಎಂದು ಕೊಟ್ಟರೆ ನೇರ 1366×768 ಬರುತ್ತದೆ. ಅದು ಅಲುಗಿದರೆ ಮೋಡ್ 86 ನೋಡಿ. ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿ ಬಂದ ಮೇಲೆ ಆ ಸಾಲುಗಳಿಗೆ ಬೆಲೆಯಿಲ್ಲ. ಈಗ ಬೂಟ್ ಫೋಲ್ಡರಿನ ಕಮಾಂಡ್‌ಲೈನ್ ಫೈಲಿನಲ್ಲಿ ಮೊದಲ ಎಚ್‌ಡಿಎಂಐ ಪೋರ್ಟಿಗೆ ವಿಡಿಯೋ ಮೋಡನ್ನು 1366×768, 60 ಹರ್ಟ್ಸ್ ಎಂದು ಸೇರಿಸಬೇಕು. ಅದಿರುವುದು ಒಂದೇ ಸಾಲು, ಮುರಿದು ಎರಡನೇ ಸಾಲು ಮಾಡಿದರೆ ಸೇರಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ. 60ರ ಪಕ್ಕದಲ್ಲೇ ದೊಡ್ಡಕ್ಷರದ ಡಿ ಹಾಕಿದರೆ ಪರದೆ ತಡವಾಗಿ ಆನ್ ಆದರೂ ಪೈ ಚಿತ್ರ ಕಳಿಸುತ್ತಲೇ ಇರುತ್ತದೆ. ಪೈ 4 ಮತ್ತು 5ಕ್ಕೆ ಮೈಕ್ರೋ ಎಚ್‌ಡಿಎಂಐ, ಝೀರೋಗೆ ಮಿನಿ ಎಚ್‌ಡಿಎಂಐ ಕೇಬಲ್ ಎಂಬುದು ನೆನಪಿರಲಿ.

ಬೋರ್ಡು ಮತ್ತು 15.6 ಇಂಚಿನ ಪರದೆಗೆ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಧಾರಾಳವಾಯಿತು. ಪೈಯನ್ನೂ ಅದರಿಂದಲೇ ನಡೆಸಬೇಕೆಂದರೆ 3 ಆಂಪಿಯರ್ ತೆಗೆದುಕೊಳ್ಳಿ, ಪೈಗೆ 5 ಆಂಪಿಯರ್ ತಾಳುವ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ, ಜೋಡಿಸುವ ಮುನ್ನವೇ 5.1 ವೋಲ್ಟ್‌ಗೆ ತಿರುಗಿಸಿ ಇಡಿ. ಎಲ್ಲ ಕಡೆ ಸಿಗುವ ಎಲ್‌ಎಂ2596 ಕನ್ವರ್ಟರ್ ಪೈ 4ರ ಭಾರಕ್ಕೆ ಬಿಸಿಯಾಗಿ ವೋಲ್ಟೇಜ್ ಇಳಿಸುತ್ತದೆ, ಪರದೆಯ ಮೇಲೆ ವೋಲ್ಟೇಜ್ ಸಾಲದೆಂಬ ಮಿಂಚಿನ ಚಿಹ್ನೆ ಬರತೊಡಗುತ್ತದೆ.

ಚೌಕಟ್ಟಿಗೆ 6 ಮಿಲಿಮೀಟರ್ ಪ್ಲೈವುಡ್ ಸಾಕು. ಒಳಗಿನ ತೆರಪು 344×194 ಮಿಲಿಮೀಟರ್. ಬೋರ್ಡನ್ನು ಪ್ಯಾನೆಲಿನ ಲೋಹದ ಬೆನ್ನಿಗೆ ನೇರ ಅಂಟಿಸಬೇಡಿ, ಅಡಿಯ ಬೆಸುಗೆಗಳು ಶಾರ್ಟ್ ಆಗುತ್ತವೆ. ಹಿಂದೊಂದು ಹಲಗೆ ಕೊಟ್ಟು 10 ಮಿಲಿಮೀಟರ್ ನೈಲಾನ್ ಸ್ಪೇಸರ್ ಮೇಲೆ ನಿಲ್ಲಿಸಿ. ಇವು ಹೆಚ್ಚಿನವು ಟಿಎನ್ ಎಂಬ ಬಗೆಯ ಪ್ಯಾನೆಲ್, ಕೆಳಗಿನಿಂದ ನೋಡಿದರೆ ಬಣ್ಣ ಕಪ್ಪಾಗುತ್ತದೆ, ಆದ್ದರಿಂದ ಗೋಡೆಯ ಮೇಲೆ ಎತ್ತರದಲ್ಲಿ ನೇತುಹಾಕುವುದಾದರೆ ಮೇಲ್ತುದಿಯನ್ನು ಮುಂದಕ್ಕೆ ಬಾಗಿಸಿ. ಎಲ್ಇಡಿ ಬರುವ ಮೊದಲಿನ, ಟ್ಯೂಬ್ ಬ್ಯಾಕ್‌ಲೈಟಿನ ಪರದೆಯಾದರೆ ಬಿಟ್ಟುಬಿಡುವುದೇ ಲೇಸು: ಅದಕ್ಕೆ ನೂರಾರು ವೋಲ್ಟ್ ಹುಟ್ಟಿಸುವ ಇನ್ವರ್ಟರ್ ಬೇಕು, ಟ್ಯೂಬಿನೊಳಗೆ ಪಾದರಸವಿದೆ. ಅದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.