ಬಾಗಿಲಿಗೆ ತೊಡಿಸುವ ಸನ್‌ಶೇಡ್: ಬಿಸಿಲಿಗೆ ಸೈ, ಮಳೆಗೆ ಬೇಡ

ಕಾರಿನ ಹಿಂದಿನ ಬಾಗಿಲು ತೆರೆದು, ದಿಂಬಿಗೆ ಕವರ್ ಹಾಕಿದ ಹಾಗೆ ಮೇಲಿನಿಂದ ಎಳೆದು ತೊಡಿಸುವ ನೆಟ್ ಶೇಡ್ ಇದು. ಜೋಡಿಗೆ 450 ರೂಪಾಯಿ. ಯುವಿ (ಬಿಸಿಲಿನ ನೇರಳಾತೀತ ಕಿರಣ) ಎಷ್ಟು ಶೇಕಡಾ ತಡೆಯುತ್ತದೆ, ಬಟ್ಟೆ ಯಾವುದು ಎಂಬುದೆಲ್ಲ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನೇ ಮತ್ತೆ ಬರೆದು ಪ್ರಯೋಜನವಿಲ್ಲ. ಎರಡನೇ ಬೇಸಿಗೆಯನ್ನೂ ದಾಟಿದ ಮೇಲೆ ಗೊತ್ತಾದದ್ದಷ್ಟೇ ಇಲ್ಲಿದೆ.

ಮಕ್ಕಳಿಗೆಂದು ಶೇಡ್ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಅದು ಎಷ್ಟು ಕಪ್ಪಗಿದೆ ಎಂದು. ಅದಕ್ಕಿಂತ ಮುಂಚೆ ನೋಡಬೇಕಾದವು ಎರಡು: ಅದರಲ್ಲಿ ಗಟ್ಟಿ ಭಾಗ ಏನಾದರೂ ಇದೆಯೇ, ಅದು ಯಾವುದರ ಆಧಾರದ ಮೇಲೆ ನಿಂತಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸುರುಳಿ ಶೇಡ್ ಈ ಎರಡರಲ್ಲೂ ಸೋಲುತ್ತದೆ. ಸುರುಳಿಯೊಳಗೆ ಒಂದು ಸರಳು, ಎರಡು ತುದಿಗೂ ಪ್ಲಾಸ್ಟಿಕ್ ಮುಚ್ಚಳ, ಇಡೀ ಭಾರ ಹೊರುವುದು ಎರಡೇ ಎರಡು ಸಕ್ಷನ್ ಕಪ್. ಚೈಲ್ಡ್ ಸೀಟಿನಲ್ಲಿ ಕೂತ ಮಗುವಿನ ತಲೆ ಇರುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಪಕ್ಕದಿಂದ ಯಾರಾದರೂ ಗುದ್ದಿದರೆ ಆ ಸರಳು ಎಲ್ಲಿಗೆ ಹಾರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸಕ್ಷನ್ ಕಪ್ ಬೀಳುವುದಕ್ಕೆ ಗುದ್ದೇನೂ ಬೇಕಿಲ್ಲ, ಬಿಸಿಲೊಂದೇ ಸಾಕು. ಕಾರು ಮಧ್ಯಾಹ್ನ ಬಯಲಿನಲ್ಲಿ ನಿಂತಿದ್ದರೆ ಕಪ್ಪಿನ ಪ್ಲಾಸ್ಟಿಕ್ ಮೆತ್ತಗಾಗಿ ಅಂಚು ಒಂದು ಕಡೆ ಸಣ್ಣಗೆ ಸುರುಟಿಕೊಳ್ಳುತ್ತದೆ. ಆ ಸಂದಿಯಿಂದ ಗಾಳಿ ಒಳಹೊಕ್ಕಿತೋ, ಟಪ್ ಎಂದು ಬಿತ್ತು. ಗಾಜಿನ ಮೇಲೆ ದುಂಡಗಿನ ಮಸುಕು ಕಲೆ ಉಳಿಯುತ್ತದೆ. ಸುರುಟಿದ ಕಪ್ಪನ್ನು ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಿಟ್ಟರೆ ಆಕಾರ ಮರಳುತ್ತದೆ, ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿದರೆ ಮತ್ತೆ ಹಿಡಿಯುತ್ತದೆ. ಆದರೆ ಅದು ಮುಂದಿನ ಬಿಸಿಲಿನವರೆಗೆ ಮಾತ್ರ. ಕಳಚಿ ಬಿದ್ದ ಕಪ್ ಸೀದಾ ಬಾಯಿಗೆ ಹೋಗುವ ವಯಸ್ಸಿನ ಮಕ್ಕಳಿರುವ ಕಾರಿನಲ್ಲಿ ಅದಕ್ಕೆ ಜಾಗವೇ ಇರಬಾರದು.

ಮ್ಯಾಗ್ನೆಟ್ ಪರದೆ ನೋಡಲು ಚೆಂದ. ಬಾಗಿಲಿನ ಚೌಕಟ್ಟಿನಲ್ಲಿ ಬರಿ ಕಬ್ಬಿಣ ಕಾಣುತ್ತಿದ್ದರೆ ಗಟ್ಟಿಯಾಗಿ ಕೂರುತ್ತದೆ, ಪ್ಲಾಸ್ಟಿಕ್ ಟ್ರಿಮ್ ಮುಚ್ಚಿದ್ದರೆ ಜಾರುತ್ತದೆ. ಅದರ ಅಂಚಿನ ಹೊಲಿಗೆ ಬಿಟ್ಟಾಗ ಉದುರುವ ಗುಂಡಿಯಷ್ಟು ಚಿಕ್ಕ ಮ್ಯಾಗ್ನೆಟ್‌ಗಳದ್ದೇ ಭಯ. ಮಗು ಎರಡು ನುಂಗಿದರೆ ಅವು ಕರುಳಿನ ಎರಡು ಸುತ್ತುಗಳಲ್ಲಿ ಕೂತು ಒಂದನ್ನೊಂದು ಎಳೆದುಕೊಂಡು ನಡುವಿನ ಗೋಡೆಯನ್ನೇ ತೂತು ಮಾಡುತ್ತವೆ, ಆಪರೇಷನ್ ಮಾಡಬೇಕಾಗುತ್ತದೆ. ಗಾಜಿಗೆ ತಾನಾಗಿ ಅಂಟುವ ಸ್ಟ್ಯಾಟಿಕ್ ಶೀಟಿನಲ್ಲಿ ಗಟ್ಟಿ ಭಾಗವೇ ಇಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಅದನ್ನು ಮರೆತು ಗಾಜು ಇಳಿಸಿದರೆ ಶೀಟು ಗಾಜಿನ ಜೊತೆಗೇ ಬಾಗಿಲೊಳಗೆ ಇಳಿಯುತ್ತದೆ. ಹೊರತೆಗೆಯಲು ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳ ಹೊದಿಕೆ, ಬಿಚ್ಚಿಸಬೇಕು.

ತೊಡಿಸುವ ನೆಟ್‌ನಲ್ಲಿ ಈ ತಾಪತ್ರಯ ಒಂದೂ ಇಲ್ಲ. ಬಟ್ಟೆ, ಎಲಾಸ್ಟಿಕ್, ಕೆಳಗೆ ಒಂದು ತುಂಡು ವೆಲ್ಕ್ರೋ, ಅಷ್ಟೇ. ಸೈಡ್ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಬ್ಯಾಗ್ ಮೇಲಿನ ರೂಫ್ ಲೈನಿಂಗ್‌ನಿಂದ ಗಾಜಿಗೂ ಮಗುವಿಗೂ ನಡುವೆ ಇಳಿಯುತ್ತದೆ. ಅದು ಬಿಚ್ಚಿಕೊಳ್ಳುವ ಹಾದಿಯಲ್ಲಿ ಗಟ್ಟಿ ವಸ್ತು ಇರಬಾರದು ಎಂದೇ ಹಿಡಿಕೆಗೆ ಹ್ಯಾಂಗರ್ ಹಾಕಬೇಡಿ, ಬರಿ ಬಟ್ಟೆ ಮಾತ್ರ ತೂಗುಹಾಕಿ ಎಂದು ಕಾರಿನ ಮ್ಯಾನುಯಲ್‌ಗಳು ಹೇಳುವುದು. ಈ ನೆಟ್ ಬಾಗಿಲಿಗೇ ಬಿಗಿದುಕೊಂಡಿರುವುದರಿಂದ ಆ ಹಾದಿಗೆ ಅಡ್ಡ ಬರುವ ಸರಳಾಗಲಿ ಕೊಕ್ಕೆಯಾಗಲಿ ಇಲ್ಲ.

ಕೊಳ್ಳುವಾಗ ಲೆಕ್ಕಕ್ಕೇ ಬಾರದ ಒಂದು ಸುಖವೂ ಇದೆ: ನೆಟ್ ಇದ್ದಂತೆಯೇ ಗಾಜು ಇಳಿಸಬಹುದು. ಗಾಜು ಎರಡು ಪದರಗಳ ನಡುವೆ ಏರಿಳಿಯುತ್ತದೆ. ಸಿಗ್ನಲ್‌ನಲ್ಲಿ, ರೈಲ್ವೆ ಗೇಟ್‌ನಲ್ಲಿ, ಸಂಜೆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಕೂತಾಗ ಗಾಜು ಅರ್ಧ ಇಳಿಸಿದರೆ ಗಾಳಿ ಬರುತ್ತದೆ, ಸೊಳ್ಳೆ ಬರುವುದಿಲ್ಲ, ಮಲಗಿದ ಮಗು ಏಳುವುದಿಲ್ಲ. ಹೊರ ಪದರ ಗಾಜಿನ ಆಚೆಗಿರುವುದರಿಂದ ಬಿಸಿಲು ಗಾಜು ಮುಟ್ಟುವ ಮೊದಲೇ ಒಂದಿಷ್ಟು ತಡೆದುಕೊಳ್ಳುತ್ತದೆ. ಒಳಗಡೆ ಅಂಟಿಸುವ ಶೇಡ್‌ಗಳು ಕಣ್ಣಿಗೆ ನೆರಳು ಕೊಟ್ಟರೂ ಅಷ್ಟರಲ್ಲಿ ಶಾಖ ಒಳಗೆ ಬಂದಾಗಿರುತ್ತದೆ. ಬಾಗಿಲಲ್ಲೇ ಇರುವ ಹಿಂಬದಿಯ ತ್ರಿಕೋನ ಗಾಜೂ ಇದರಲ್ಲಿ ಮುಚ್ಚುತ್ತದೆ. ಚೌಕದ ಶೇಡ್ ಎಷ್ಟೇ ಸರಿಸಿದರೂ ಬಿಸಿಲು ಆ ಮೂಲೆಯಿಂದಲೇ ಕೆನ್ನೆಗೆ ಹೊಡೆಯುತ್ತಿರುತ್ತದೆ.

ಪಕ್ಕದ ಗಾಜಿಗೆ ಇಷ್ಟೊಂದು ಗಮನ ಯಾಕೆ ಎನ್ನುವವರಿಗೆ ಒಂದು ಅಂಕಿ. ಅಮೆರಿಕದಲ್ಲಿ 29 ಕಾರುಗಳನ್ನು ಅಳೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂದಿನ ಗಾಜು ಸರಾಸರಿ 96 ಶೇಕಡಾ ಯುವಿ-ಎ ತಡೆದರೆ ಪಕ್ಕದ ಗಾಜು ತಡೆದದ್ದು 71 ಶೇಕಡಾ, ಕೆಲವು ಕಾರುಗಳಲ್ಲಿ ಅದು 44ಕ್ಕೇ ನಿಂತಿತ್ತು. ಮುಂದಿನದು ನಡುವೆ ಪ್ಲಾಸ್ಟಿಕ್ ಪದರ ಸೇರಿಸಿದ ಲ್ಯಾಮಿನೇಟೆಡ್ ಗಾಜು, ಪಕ್ಕದ್ದು ಸಾಮಾನ್ಯವಾಗಿ ಬರಿ ಟೆಂಪರ್ಡ್ ಗಾಜು.

ಅಳತೆ ತಪ್ಪಿದರೆ ಈ ಶೇಡ್ ದುಡ್ಡು ದಂಡ. ಟೇಪ್ ಹಿಡಿದು ಬಾಗಿಲಿನ ಗಾಜಿನ ಚೌಕಟ್ಟಿನ ಅತಿ ಅಗಲದ ಜಾಗ ಅಳೆಯಿರಿ. ಮೇಲಿನ ಅಂಚಿನಿಂದ ಗಾಜು ಮುಗಿಯುವ ಗೆರೆಯವರೆಗಿನ ಎತ್ತರಕ್ಕೆ ಕನಿಷ್ಠ 10 ಸೆಂ.ಮೀ. ಸೇರಿಸಿ, ಇಲ್ಲವಾದರೆ ಎಲಾಸ್ಟಿಕ್ ಮೇಲಕ್ಕೆ ಸರಿದು ಕೂರುತ್ತದೆ. ಡೋರ್ ವೈಸರ್ (ಗಾಜಿನ ಮೇಲಂಚಿಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿ) ಹಾಕಿಸಿದ ಕಾರಿಗೆ ತೊಡಿಸುವಾಗ ನೆಟ್ ವೈಸರ್‌ನ ಮೂಲೆಗೆ ಸಿಕ್ಕಿ ಹರಿಯುತ್ತದೆ. ಮೊದಲು ಹಿಂದಿನ ಮೂಲೆ ಸೇರಿಸಿ ಆಮೇಲೆ ಮುಂದಕ್ಕೆ ಎಳೆದರೆ ಉಳಿಯುತ್ತದೆ. 2018ರ ಸ್ವಿಫ್ಟ್, ಆಲ್ಟ್ರೋಜ್ ಥರದ ಕಾರುಗಳಲ್ಲಿ ಹಿಂದಿನ ಬಾಗಿಲಿನ ಹಿಡಿಕೆ ಗಾಜಿನ ಪಕ್ಕದ ಕಂಬದ ಹತ್ತಿರ ಮೇಲಿದೆ. ನೆಟ್ ತೊಡಿಸಿದರೆ ಹಿಡಿಕೆಯೇ ಒಳಗೆ ಸೇರಿಕೊಳ್ಳುತ್ತದೆ. ಅಪಘಾತವಾದಾಗ ಹೊರಗಿನವರು ಬಾಗಿಲು ತೆಗೆಯಲು ತಡಕಾಡಬೇಕಾದ ಶೇಡ್ ಮಕ್ಕಳಿರುವ ಕಾರಿಗೆ ಯಾವ ಬೆಲೆಗೂ ಬೇಡ.

ಹೊಸದರಲ್ಲಿ ಬಣ್ಣ ಬಿಡುತ್ತದೆ. ಮಕ್ಕಳು ಒಳ ಪದರಕ್ಕೆ ಬಾಯಿ ಹಾಕಿಯೇ ಹಾಕುತ್ತಾರೆ, ಆದ್ದರಿಂದ ತೊಡಿಸುವ ಮೊದಲು ಸೋಪು ನೀರಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ ನೆರಳಲ್ಲಿ ಒಣಗಿಸಿ. ಕೆಳಗೆ ಕಟ್ಟುವ ಲಾಡಿ ಕೊಟ್ಟಿದ್ದರೆ ಕತ್ತರಿಸಿ ಬಿಸಾಡಿ, ಕೈಗೆ ಎಟುಕುವ ದಾರ ಕುತ್ತಿಗೆಗೂ ಎಟುಕುತ್ತದೆ.

ಇಲ್ಲಿಯವರೆಗೆ ಹೊಗಳಿಕೆಯಾಯಿತು. ಜೂನ್ ಬಂದ ಮೇಲಿನ ಕತೆ ಬೇರೆ.

ಬಾಗಿಲು ಮುಚ್ಚಿದಾಗ ರಬ್ಬರ್ ಬೀಡಿಂಗ್ ಒತ್ತಿಕೊಂಡು ಕೂರುವುದು ಈ ಬಟ್ಟೆಯ ಮೇಲೆ. ಹೊರ ಪದರ ಮಳೆಗೆ ನೆನೆದರೆ ನೀರು ಬಟ್ಟೆಯ ಎಳೆಯನ್ನೇ ಹಿಡಿದು ಬೀಡಿಂಗ್ ದಾಟಿ ಒಳಕ್ಕೆ ಬರುತ್ತದೆ, ದೀಪದ ಬತ್ತಿಗೆ ಎಣ್ಣೆ ಏರುವುದೂ ಇದೇ ತತ್ವದಿಂದ. ಸೋರುವುದು ಕಣ್ಣಿಗೆ ಕಾಣುವುದಿಲ್ಲ. ಒಳ ಪದರದ ಕೆಳ ಅಂಚು ಮುಟ್ಟಿದರೆ ತಣ್ಣಗಿರುತ್ತದೆ, ಅಲ್ಲಿಂದ ಹನಿ ಡೋರ್ ಪ್ಯಾಡ್ ಮೇಲೆ, ಪವರ್ ವಿಂಡೋ ಸ್ವಿಚ್ ಮೇಲೆ ಇಳಿಯುತ್ತದೆ, ಉಳಿದದ್ದು ಚೈಲ್ಡ್ ಸೀಟಿನ ಪಕ್ಕದ ಸ್ಪಂಜಿಗೆ. ಕಾರು ಎರಡು ದಿನ ಮುಚ್ಚಿಟ್ಟರೆ ಒಳಗೆಲ್ಲ ಮುಗ್ಗುಲು ವಾಸನೆ. ಬೆಂಗಳೂರಿನ ಏಪ್ರಿಲ್ ಮಳೆಯನ್ನಾದರೂ ಹೇಗೋ ಸುಧಾರಿಸಬಹುದು, ಸಕಲೇಶಪುರದ ಕಡೆ ಹೊರಟವರು ಹಾಸನದಲ್ಲೇ ಕಳಚಿಡುವುದು ಕ್ಷೇಮ. ಎಲ್ಲ ಕಾಲಕ್ಕೂ ಆಗುತ್ತದೆ ಎಂದು ಮಾರುವವರು ಆಗುಂಬೆ ಘಾಟಿಯನ್ನು ಮಳೆಯಲ್ಲಿ ಒಮ್ಮೆ ಹತ್ತಿ ಬರಲಿ. ಬಿಸಿಲು ಕಾಲಕ್ಕೆ ಎಂದಷ್ಟೇ ಪ್ಯಾಕೆಟ್ ಮೇಲೆ ಬರೆದಿದ್ದರೆ ಈ ಸಿಟ್ಟು ಇರುತ್ತಿರಲಿಲ್ಲ.

ಇನ್ನೊಂದು ತಕರಾರು ಪೇಂಟಿನದು. ಗಾಜು ಇಳಿಸಿಕೊಂಡು ಗಂಟೆಗೆ 80 ಕಿ.ಮೀ. ವೇಗ ದಾಟಿದರೆ ನೆಟ್ ಉಬ್ಬಿ ಪಟಪಟ ಹೊಡೆಯುತ್ತದೆ. ಕೆಳ ಅಂಚಿನ ಅಡಿ ದೂಳು ಸೇರಿದ್ದರೆ ಬಾಗಿಲಿನ ಮೇಲೆ ಗಾಜಿನ ಕೆಳಗೇ ಸಣ್ಣ ಗೀರುಗಳು ಸಾಲಾಗಿ ಬೀಳುತ್ತವೆ. ಹೆದ್ದಾರಿಯಲ್ಲಿ ಗಾಜು ಏರಿಸಿಯೇ ಓಡಿಸಿ. ವಾರಕ್ಕೊಮ್ಮೆ ನೆಟ್ ತೆಗೆದು ಆ ಪಟ್ಟಿಯನ್ನು ನೀರು ಹಾಕಿ ತೊಳೆಯಿರಿ, ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ನೀವೇ ಹಾಕಿದಂತೆ.

ಎರಡು ಪದರ ಎಂದರೆ ಚಾಲಕರ ಕಣ್ಣಿಗೂ ಎರಡು ಪದರ. ಲೇನ್ ಬದಲಿಸುವಾಗ ಬಲಭುಜದ ಮೇಲಿಂದ ಹಿಂದಕ್ಕೆ ತಿರುಗಿ ನೋಡುವ ಜಾಗದಲ್ಲೇ ಬಲಗಡೆಯ ನೆಟ್ ಇರುತ್ತದೆ. ಹಗಲಲ್ಲಿ ಬೈಕು ಕಾಣುತ್ತದೆ. ಮುಸ್ಸಂಜೆಗೆ ಹಿಂದಿನ ವಾಹನದ ಹೆಡ್‌ಲೈಟ್ ನೆಟ್ ಮೇಲೆ ಚದುರಿ ಬೆಳಕು ಮಾತ್ರ ಕಾಣುತ್ತದೆ, ಬೈಕು ಕಾಣುವುದಿಲ್ಲ. ಕೊಳ್ಳುವ ಮೊದಲು ಬಟ್ಟೆಯನ್ನು ಮಡಚಿ ಎರಡು ಪದರ ಮಾಡಿ ಕಣ್ಣಿಗೆ ಹಿಡಿದು ಹತ್ತು ಹೆಜ್ಜೆ ದೂರದ ನಂಬರ್ ಪ್ಲೇಟ್ ಓದಿ ನೋಡಿ, ಓದಲಾಗದಿದ್ದರೆ ಬಿಡಿ. ಸೂರ್ಯ ಮುಳುಗಿದ ಮೇಲೆ ಎರಡೂ ಕಡೆ ತೆಗೆದಿಡಿ.

ಎರಡೂ ಬಾಗಿಲಿಗೆ ಸದಾ ಬೇಕು ಎಂದೇನಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರಸ್ತೆ ನೈಋತ್ಯಕ್ಕೆ ಹೋಗುತ್ತದೆ: ಬೆಳಗ್ಗೆ ಹೊರಟರೆ ಬಿಸಿಲು ಎಡ ಹಿಂಬದಿಗೆ, ಸಂಜೆ ಹೊರಟರೆ ಬಲಕ್ಕೆ. ಮೈಸೂರಿನಿಂದ ಬೆಳಗ್ಗೆ ಮರಳಿದರೂ ಬಲಕ್ಕೇ. ಚೈಲ್ಡ್ ಸೀಟನ್ನು ಎಡಗಡೆ ಕಟ್ಟಿ, ಬೆಳಗ್ಗೆ ಮೈಸೂರಿಗೆ ಹೋಗುವ ಪಯಣಕ್ಕೆ ಎಡಕ್ಕೊಂದೇ ನೆಟ್ ಹಾಕಿದರೆ ಚಾಲಕರ ಬಲಗಡೆ ನೋಟ ಬಿಡುವಾಗಿರುತ್ತದೆ. ಮಗುವನ್ನು ಇಳಿಸುವುದೂ ಫುಟ್‌ಪಾತ್ ಕಡೆಗೇ ಆಗುತ್ತದೆ.

ಪೊಲೀಸರ ವಿಷಯ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70, ಪಕ್ಕದ ಗಾಜಿನಲ್ಲಿ 50 ಶೇಕಡಾ ಬೆಳಕು ಹಾಯಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದಾಗ ಗಾಜಿನ ಮೇಲೆ ಬೇರೆ ಯಾವುದೇ ವಸ್ತುವೂ ಬೇಡ ಎಂಬ ಮಾತೂ ಆದೇಶದಲ್ಲಿತ್ತು, ನೆಟ್ ಕಂಡರೆ ಟ್ರಾಫಿಕ್‌ನವರು ಕೈ ಅಡ್ಡ ಹಾಕಲು ಅದೇ ಆಧಾರ. ಮಗುವಿಗೆಂದು ಹಾಕಿದ್ದು ಎಂದು ವಾದಕ್ಕೆ ನಿಲ್ಲುವ ಬದಲು ಅಲ್ಲೇ ಕಳಚುವುದು ಲೇಸು, ಬಾಗಿಲು ತೆರೆದು ಎಳೆದರೆ ಕ್ಷಣದ ಕೆಲಸ. ಮುಂದಿನ ಬಾಗಿಲುಗಳಿಗಂತೂ ಹಾಕಲೇಬೇಡಿ, ಸೈಡ್ ಮಿರರ್ ನೋಡುವುದೇ ಆ ಗಾಜಿನ ಮೂಲಕ.

ನೆರಳಿದೆ ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಐದು ನಿಮಿಷಕ್ಕೂ ಇಳಿಯಬೇಡಿ. ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಗಾಜು ಒಂದು ಇಂಚು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಬಿಸಿಲಲ್ಲಿ ನಿಲ್ಲಿಸಿ ಬಂದರೆ ಚೈಲ್ಡ್ ಸೀಟಿನ ಬಕಲ್‌ನ ಲೋಹ ಮೊದಲು ನಿಮ್ಮ ಕೈಯಲ್ಲಿ ಮುಟ್ಟಿ ನೋಡಿ. ನಿಲ್ಲಿಸುವಾಗ ಬಕಲ್ ಮೇಲೆ ಒಂದು ಬಿಳಿ ಟವೆಲ್ ಹೊದಿಸಿಟ್ಟರೆ ಸುಡುವುದಿಲ್ಲ.

ಇಷ್ಟಾದರೂ ಫೆಬ್ರವರಿಯಿಂದ ಮೇವರೆಗೆ ಇದಕ್ಕಿಂತ ಒಳ್ಳೆಯದು ಈ ದುಡ್ಡಿಗೆ ಸಿಗುವುದಿಲ್ಲ. ಎರಡನೇ ಬೇಸಿಗೆಯ ಹೊತ್ತಿಗೆ ಎಲಾಸ್ಟಿಕ್ ಜೋಲುತ್ತದೆ, ನೆಟ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಹೊಸ ಜೋಡಿ ಕೊಳ್ಳುವ ಬದಲು ಮೂಲೆಯ ಟೈಲರ್ ಹತ್ತಿರ ಹಳೆಯದನ್ನು ಬಿಚ್ಚಿಸಿ ಅರ್ಧ ಇಂಚಿನ ಎಲಾಸ್ಟಿಕ್ ಹಾಕಿಸಿ. ವೆಲ್ಕ್ರೋದ ಒರಟು ಭಾಗ ಮಗುವಿನ ಕಡೆಗಲ್ಲ, ಬಾಗಿಲಿನ ಕಡೆಗೆ ಬರುವಂತೆ ಹೊಲಿಯಲು ಹೇಳಿ.