ಬಿಡಿಸಿ ಜೋಡಿಸುವ ದೇಹದ ಮಾದರಿ: ಆರು ತಿಂಗಳ ಬಳಕೆಯ ನಂತರ

ನಾಲ್ಕನೆಯ ತರಗತಿಯ ಮಗಳು ಅಂಗಾಂಗಗಳ ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದುದನ್ನು ಕೆಲವು ದಿನ ಕೇಳಿಸಿಕೊಂಡ ಮೇಲೆ, ಆ ಹೆಸರುಗಳನ್ನು ಅವಳು ಕೈಯಲ್ಲಿ ಹಿಡಿದು ನೋಡುವಂತಾಗಲಿ ಎಂದು ಆನ್‌ಲೈನ್‌ನಲ್ಲಿ ಮಾನವ ದೇಹದ ಮಾದರಿಯೊಂದನ್ನು ತರಿಸಿದೆ. ತಲೆಯಿಂದ ಸೊಂಟದವರೆಗಿನ, ಸುಮಾರು 28 ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಮುಂಡಭಾಗ, ಅದರೊಳಗೆ ಬಿಡಿಸಿ ತೆಗೆಯಬಹುದಾದ 15 ಭಾಗಗಳು, ಜೊತೆಗೊಂದು ಕಿರುಪುಸ್ತಕ ಮತ್ತು ಆಟಿಕೆಯ ಸ್ಟೆತಸ್ಕೋಪ್. ಕೊಟ್ಟ ಬೆಲೆ 1,150 ರೂಪಾಯಿ. ಐದು ವರ್ಷದ ಮಗ ಸುಮ್ಮನಿರುವವನಲ್ಲವಾದ್ದರಿಂದ, ಅಂಗಗಳ ಬಟ್ಟೆಯ ತುಂಡುಗಳನ್ನು ವೆಲ್ಕ್ರೋದಿಂದ ಅಂಟಿಸುವ ಏಪ್ರನ್ ಒಂದನ್ನೂ 400 ರೂಪಾಯಿಗೆ ಕೊಂಡೆ. ಆರು ತಿಂಗಳು ಎರಡನ್ನೂ ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಯಾವ ಅಂಗ ಎಲ್ಲಿದೆ ಎಂಬುದನ್ನು ಈ ಮಾದರಿ ಬಹಳ ಚೆನ್ನಾಗಿ ಕಲಿಸುತ್ತದೆ, ಆದರೆ ಅಂಗಗಳು ಒಂದಕ್ಕೊಂದು ಸೇರಿ ಹೇಗೆ ವ್ಯೂಹವಾಗುತ್ತವೆ ಎಂಬುದನ್ನು ಅದು ತಾನಾಗಿ ಕಲಿಸುವುದಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಮಾತ್ರ ಎರಡನೆಯದನ್ನೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಈ ಮಾದರಿಯ ಭಾಗಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಜೋಡಿಸಲು ಬರುವುದಿಲ್ಲ. ಮೂತ್ರಪಿಂಡಗಳನ್ನು ಮೊದಲು ಬೆನ್ನಿನ ಗೋಡೆಗೆ ತಾಗಿಸಿ ಇಡಬೇಕು, ಆಮೇಲೆ ಕರುಳು, ಅದರ ಮೇಲ್ಗಡೆ ಎಡಕ್ಕೆ ಜಠರ, ಬಲಕ್ಕೆ ಯಕೃತ್ತು. ಎದೆಯ ಗೂಡಿನಲ್ಲಿ ಮೊದಲು ಹೃದಯ, ಅದರ ಎರಡು ಬದಿಗೆ ಶ್ವಾಸಕೋಶಗಳು. ಕ್ರಮ ತಪ್ಪಿದರೆ ಎದೆಯ ಮುಚ್ಚಳ ಕೂರುವುದೇ ಇಲ್ಲ. ಮೂತ್ರಪಿಂಡವೆಂದರೆ ಕೆಳಹೊಟ್ಟೆಯನ್ನು ಮುಟ್ಟಿ ತೋರಿಸುತ್ತಿದ್ದ ಮಗಳು, ಮೂರನೆಯ ದಿನದ ಹೊತ್ತಿಗೆ ಬೆನ್ನಿನಲ್ಲಿ ಪಕ್ಕೆಲುಬುಗಳು ಮುಗಿಯುವ ಜಾಗವನ್ನು ಸರಿಯಾಗಿ ಮುಟ್ಟಿ ತೋರಿಸತೊಡಗಿದಳು. ಚಿತ್ರಪಟವೊಂದರಿಂದ ಇದು ಸಾಧ್ಯವಾಗುತ್ತಿರಲಿಲ್ಲ, ಏಕೆಂದರೆ ಪಟದಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. ಕುಸುರಿಯಲ್ಲೂ ತಯಾರಕರು ತೀರಾ ಉದಾಸೀನ ಮಾಡಿಲ್ಲ: ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳು, ಎಡದ್ದರಲ್ಲಿ ಎರಡೇ ಹಾಲೆಗಳು ಮತ್ತು ಹೃದಯ ಒರಗಿಕೊಳ್ಳಲು ಒಂದು ತಗ್ಗು ಇವೆ; ಬಲ ಮೂತ್ರಪಿಂಡವನ್ನು ಯಕೃತ್ತು ಕೊಂಚ ಕೆಳಗೆ ತಳ್ಳಿರುವುದೂ ಗಮನವಿಟ್ಟರೆ ಕಾಣುತ್ತದೆ.

ಎಡಬಲದ ಗೊಂದಲವೊಂದು ಎಲ್ಲರ ಮನೆಯಲ್ಲೂ ಬಂದೇ ಬರುತ್ತದೆ. ಮಾದರಿ ನಮ್ಮನ್ನು ನೋಡುತ್ತಾ ನಿಂತಿರುವಾಗ ಅದರ ಬಲಭಾಗ ನಮ್ಮ ಎಡಕ್ಕಿರುತ್ತದೆ. ಮಗಳು ಯಕೃತ್ತು ಎಡಗಡೆ ಇದೆಯೆಂದು ಎರಡು ದಿನ ವಾದ ಮಾಡಿದಳು. ಕೊನೆಗೆ ಮಾದರಿಯ ಬೆನ್ನನ್ನು ಅವಳ ಹೊಟ್ಟೆಗೆ ತಾಗಿಸಿ, ಇಬ್ಬರ ಮುಖವೂ ಒಂದೇ ಕಡೆಗಿರುವಂತೆ ತಬ್ಬಿಕೊಳ್ಳಲು ಹೇಳಿದೆ; ವಾದ ಅಲ್ಲಿಗೆ ಮುಗಿಯಿತು. ಇಷ್ಟು ಸರಳ ಸೂಚನೆಯನ್ನು ಕಿರುಪುಸ್ತಕದಲ್ಲಿ ಒಂದು ಸಾಲಿನಲ್ಲಿ ಕೊಡಬಹುದಿತ್ತು.

ಇನ್ನು ಕೊರತೆಗಳು. ಸಣ್ಣ ಕರುಳು ಮತ್ತು ದೊಡ್ಡ ಕರುಳನ್ನು ಸೇರಿಸಿ ಒಂದೇ ಗಟ್ಟಿ ಮುದ್ದೆಯಾಗಿ ಅಚ್ಚು ಹಾಕಿದ್ದಾರೆ, ಮೇಲೆ ಗೆರೆಗಳನ್ನು ಮಾತ್ರ ಕೊರೆದಿದ್ದಾರೆ. ಅದೊಂದು ನಳಿಗೆ, ಅದಕ್ಕೊಂದು ಆರಂಭ ಮತ್ತು ಕೊನೆ ಇದೆ ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. ವಯಸ್ಕರ ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್, ದೊಡ್ಡ ಕರುಳಿನದು ಸುಮಾರು ಒಂದೂವರೆ ಮೀಟರ್. ಸೀರೆಯೊಂದರ ಉದ್ದ ಐದೂವರೆ ಮೀಟರ್ ಆದ್ದರಿಂದ ಹಳೆಯ ಹತ್ತಿಸೀರೆಯೊಂದನ್ನು ಹಗ್ಗದಂತೆ ಹೊಸೆದು ನಡುಮನೆಯಿಂದ ಅಡುಗೆಮನೆಯ ಹೊಸ್ತಿಲವರೆಗೆ ಹಾಸಿ, ‘ಇದಕ್ಕಿಂತ ಇನ್ನೊಂದು ಗೇಣು, ಎರಡು ಗೇಣು ಹೆಚ್ಚೇ ಇದೆ’ ಎಂದೆ. ಅದನ್ನು ನೆರಿಗೆ ಹಿಡಿದಂತೆ ಮಡಚಿ ಮಡಚಿ ಊಟದ ಡಬ್ಬಿಯೊಳಗೆ ತುರುಕುವ ಕೆಲಸವನ್ನು ಮಕ್ಕಳಿಬ್ಬರೂ ಒಂದು ಸಂಜೆಯಿಡೀ ಮಾಡಿದರು. ಇಷ್ಟು ಉದ್ದವಿರುವುದಕ್ಕೆ ಸಣ್ಣದೆಂದು ಏಕೆ ಹೆಸರು ಎಂಬ ಪ್ರಶ್ನೆ ಆಗಲೇ ಬಂದದ್ದು. ಉದ್ದಕ್ಕಲ್ಲ, ದಪ್ಪಕ್ಕೆ ಆ ಹೆಸರು ಎಂಬ ಉತ್ತರವನ್ನು ಮುದ್ದೆಯನ್ನು ಕೈಯಲ್ಲಿ ಹಿಡಿದುಕೊಂಡು ವಿವರಿಸಲು ಸಾಧ್ಯವಿರಲಿಲ್ಲ. ಅನ್ನನಾಳದ ಸ್ಥಿತಿಯೂ ಹೀಗೆಯೇ. ಅದನ್ನು ಮುಂಡದ ಒಳಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ, ಜಠರಕ್ಕೆ ಸೇರಿಸಿಲ್ಲ. ತುತ್ತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಹೊರಟರೆ ಮಧ್ಯದಲ್ಲಿ ದಾರಿಯೇ ಕಡಿದುಹೋಗುತ್ತದೆ. ಜೀರ್ಣಾಂಗವ್ಯೂಹವೆಂದರೆ ಆ ದಾರಿಯೇ ಅಲ್ಲವೇ?

ಹೃದಯದ ಬಣ್ಣ ಇನ್ನೊಂದು ತೊಡಕನ್ನು ತಂದಿತು. ಪಠ್ಯಪುಸ್ತಕಗಳ ರೂಢಿಯಂತೆ ಅರ್ಧ ಕೆಂಪು, ಅರ್ಧ ನೀಲಿ ಬಳಿದಿದ್ದಾರೆ. ‘ಅಪ್ಪಾ, ನಮ್ಮೊಳಗೆ ನೀಲಿ ರಕ್ತವೂ ಇದೆಯಾ?’ ಎಂದು ಮಗಳು ತನ್ನ ಮಣಿಕಟ್ಟಿನ ನೀಲಿ ರಕ್ತನಾಳಗಳನ್ನು ಸಾಕ್ಷಿಯಾಗಿ ಮುಂದೆ ಹಿಡಿದಳು. ಕಳೆದ ಮಳೆಗಾಲದಲ್ಲಿ ಜ್ವರ ಬಂದಾಗ ಅವಳ ತೋಳಿನಿಂದ ರಕ್ತ ತೆಗೆದದ್ದನ್ನು ನೆನಪಿಸಿದೆ: ಅಂದು ಸೂಜಿ ಚುಚ್ಚಿದ್ದು ನೀಲಿಯಾಗಿ ಕಾಣುವ ಅಂತಹದೇ ಒಂದು ಅಭಿಧಮನಿಗೆ, ಆದರೆ ಕೊಳವೆಗೆ ಬಂದದ್ದು ಕಡುಗೆಂಪು ರಕ್ತ. ಆಮ್ಲಜನಕ ಕಡಿಮೆಯಾದ ರಕ್ತ ಹೃದಯದ ಬಲಭಾಗಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಆಮ್ಲಜನಕ ತುಂಬಿಕೊಂಡು ಎಡಭಾಗಕ್ಕೆ ಬಂದು ಮೈಯೆಲ್ಲಾ ಹರಡುತ್ತದೆ, ಎರಡರ ವ್ಯತ್ಯಾಸ ಗೊತ್ತಾಗಲೆಂದು ಮಾತ್ರ ಚಿತ್ರಕಾರರು ನೀಲಿ ಬಳಿಯುತ್ತಾರೆ ಎಂದು ವಿವರಿಸಲು ಸಾಕಷ್ಟು ಹೊತ್ತು ಹಿಡಿಯಿತು. ಹೃದಯವನ್ನು ಎರಡು ಹೋಳಾಗಿ ತೆರೆಯಲು ಬರುತ್ತಿದ್ದರೆ ನಾಲ್ಕು ಕೋಣೆಗಳನ್ನು ತೋರಿಸಿಯೇ ಹೇಳಬಹುದಿತ್ತು. ಈ ಮಾದರಿಯಲ್ಲಿ ಅದೊಂದು ಗಟ್ಟಿ ಉಂಡೆ.

ಎಲ್ಲಕ್ಕಿಂತ ದೊಡ್ಡ ಲೋಪವೆಂದರೆ ವಪೆ ಇಲ್ಲದಿರುವುದು. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಆ ಸ್ನಾಯುವಿನ ಪರದೆಯಿಲ್ಲದೆ ಉಸಿರಾಟವನ್ನು ವಿವರಿಸಲಾಗದು. ಇದಕ್ಕೆ ಶಾಲೆಗಳಲ್ಲಿ ಮಾಡಿಸುವ ಹಳೆಯ ಪ್ರಯೋಗವನ್ನೇ ಮಾಡಿದೆವು. ಕುಡಿಯುವ ನೀರಿನ ಬಾಟಲಿಯ ತಳವನ್ನು ಕತ್ತರಿಸಿ, ಮುಚ್ಚಳದ ತೂತಿನಿಂದ ಇಬ್ಭಾಗವಾದ ನಳಿಕೆಯನ್ನು ತೂರಿಸಿ ಅದರ ತುದಿಗಳಿಗೆ ಎರಡು ಬಲೂನು ಕಟ್ಟಿ, ಬಾಟಲಿಯ ತಳಕ್ಕೆ ಮೂರನೆಯ ಬಲೂನಿನ ರಬ್ಬರನ್ನು ಬಿಗಿದು, ತೂತಿನ ಸುತ್ತ ಗಾಳಿಯಾಡದಂತೆ ಮೇಣ ಮೆತ್ತಿದೆವು. ತಳದ ರಬ್ಬರನ್ನು ಕೆಳಕ್ಕೆ ಎಳೆದರೆ ಒಳಗಿನ ಬಲೂನುಗಳು ಊದಿಕೊಳ್ಳುತ್ತವೆ, ಬಿಟ್ಟರೆ ಕುಗ್ಗುತ್ತವೆ. ಶ್ವಾಸಕೋಶ ತಾನಾಗಿ ಗಾಳಿಯನ್ನು ಎಳೆದುಕೊಳ್ಳುವುದಿಲ್ಲ, ವಪೆ ಕೆಳಗಿಳಿದು ಎದೆಗೂಡು ಹಿಗ್ಗಿದಾಗ ಗಾಳಿ ತಾನೇ ಒಳಬರುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡದ್ದು ಐವತ್ತು ರೂಪಾಯಿಯೂ ಖರ್ಚಾಗದ ಈ ಬಾಟಲಿಯಲ್ಲಿ.

ಆಟಿಕೆಯ ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸುವುದಿಲ್ಲ; ಅದು ಬರೀ ಅಲಂಕಾರ. ಫ್ರಾನ್ಸಿನ ವೈದ್ಯ ರೆನೆ ಲೆನೆಕ್ 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ್ದೇ ಸ್ಟೆತಸ್ಕೋಪಿನ ಮೂಲ ಎಂಬುದು ನೆನಪಾಗಿ, ನೋಟ್‌ಬುಕ್ಕಿನ ರಟ್ಟನ್ನು ಸುತ್ತಿ ಕೊಟ್ಟೆ. ಅಕ್ಕ ತಮ್ಮನ ಎದೆಗೂ ತಮ್ಮ ಅಕ್ಕನ ಎದೆಗೂ ಕಿವಿಯಿಟ್ಟರು. ಕುಳಿತಾಗ ನಿಮಿಷಕ್ಕೆ 88 ಇದ್ದ ಮಗಳ ಹೃದಯ ಬಡಿತ, ಹಗ್ಗದಾಟವಾಡಿ ಬಂದ ತಕ್ಷಣ 140 ದಾಟಿತ್ತು.

ಮನೆಯಲ್ಲಿ ಈ ಮಾದರಿಗೆ ನಿಜವಾದ ಬೆಲೆ ಬಂದದ್ದು ನಮ್ಮ ತಾಯಿಯಿಂದ. ಅವರಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಎರಡು ವರ್ಷದ ಹಿಂದೆ ಅದನ್ನು ತೆಗೆಸಲಾಗಿತ್ತು. ಒಂದು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಬಂದು, ‘ನನ್ನದು ತೆಗೆದರಲ್ಲ, ಅದು ಎಲ್ಲಿತ್ತು ತೋರಿಸೇ ಪುಟ್ಟಿ’ ಎಂದರು. ಯಕೃತ್ತನ್ನು ತಿರುಗಿಸಿದರೆ ಅದರ ಅಡಿಯಲ್ಲಿ ಕಡಲೆಕಾಳಿನಷ್ಟು ಹಸಿರು ಉಬ್ಬು. ‘ಇಷ್ಟೇನಾ! ಇಷ್ಟಕ್ಕೆ ಅಷ್ಟು ನೋವು ತಿಂದೆನಾ?’ ಎಂದವರು, ಈಗ ಅದಿಲ್ಲದೆ ಹೇಗೆ ನಡೆಯುತ್ತಿದೆ ಎಂದು ಕೇಳಿದರು. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಪಿತ್ತಕೋಶ ಬರೀ ಕೂಡಿಡುವ ಚೀಲ, ಈಗ ರಸ ನೇರವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ ಎಂದು ನಾನು ಹೇಳಿದೆ. ಯಕೃತ್ತಿನಿಂದ ಕರುಳಿಗೆ ಹೋಗುವ ಆ ನಾಳ ಮಾತ್ರ ಮಾದರಿಯಲ್ಲಿಲ್ಲ.

ಮೆದುಳು ದೊಡ್ಡ ಅಡಿಕೆಯಷ್ಟಿದೆ. ಅದರಿಂದ ಕೆಳಗಿಳಿಯುವ ಬೆನ್ನುಹುರಿ ಇಲ್ಲದ್ದರಿಂದ ನರವ್ಯೂಹವನ್ನು ಕಲಿಸುವ ಮಾತು ದೂರವೇ ಉಳಿಯಿತು. ವಯಸ್ಕರ ಮೆದುಳು ಒಂದೂಕಾಲು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ, ಆ ತೂಕವನ್ನು ಅಂಗೈಯಲ್ಲೇ ಅರಿಯಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋಗಬೇಕು. ಮಗಳು ಇನ್ನೂ ಸ್ವಲ್ಪ ದೊಡ್ಡವಳಾಗಲಿ ಎಂದು ಆ ಪ್ರವಾಸವನ್ನು ಮುಂದೂಡಿದ್ದೇವೆ. ಮೂಳೆಗಳ ವಿಷಯದಲ್ಲಿ ಅರ್ಧ ತಲೆಬುರುಡೆ ಮತ್ತು ಪಕ್ಕೆಲುಬಿನ ಮುಚ್ಚಳ ಬಿಟ್ಟರೆ ಬೇರೇನೂ ಇಲ್ಲ. ಸಂತಾನೋತ್ಪತ್ತಿಯ ಅಂಗಗಳನ್ನು ಪೂರ್ತಿಯಾಗಿ ಬಿಟ್ಟಿದ್ದಾರೆ.

ಕಿರುಪುಸ್ತಕ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಕನ್ನಡ ಮಾಧ್ಯಮದ ಮಗುವಿಗೆ ಅದರಿಂದ ಪ್ರಯೋಜನವಿಲ್ಲದ ಕಾರಣ, ಪ್ರತಿ ಭಾಗದ ಹಿಂದೆ ಸಣ್ಣ ಚೀಟಿಯಲ್ಲಿ ಕನ್ನಡದ ಹೆಸರು ಬರೆದು ಅಂಟಿಸಿದೆ. ಹಾಗೆ ಬರೆಯುವಾಗ ಪಠ್ಯದ ‘ಮೇದೋಜೀರಕ’ (ಪ್ಯಾಂಕ್ರಿಯಾಸ್), ‘ಗುಲ್ಮ’ (ಸ್ಪ್ಲೀನ್) ಎಂಬ ಪದಗಳ ಪಕ್ಕದಲ್ಲಿ ಗುಂಡಿಗೆ, ಕರುಳು ಎಂಬ ಮನೆಮಾತುಗಳೂ ಬಂದವು. ಗುಂಡಿಗೆ ಗಟ್ಟಿಯಿದೆ ಎನ್ನುವುದು ಅಂಗರಚನೆಯ ಮಾತಲ್ಲ ಎಂದು ಮಗನಿಗೆ ತಿಳಿಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಬಾಳಿಕೆ ಮಧ್ಯಮ. ಎಡ ಶ್ವಾಸಕೋಶವನ್ನು ಹಿಡಿದಿಡುವ ಪ್ಲಾಸ್ಟಿಕ್ ಮೊಳೆ ಎರಡನೆಯ ತಿಂಗಳಲ್ಲೇ ಮುರಿಯಿತು. ಬಿಡಿಭಾಗ ಸಿಗುವುದೇ ಎಂದು ಮಾರಿದವರನ್ನು ಕೇಳಿದರೆ ಇಡೀ ಮಾದರಿಯನ್ನೇ ಇನ್ನೊಮ್ಮೆ ಕೊಳ್ಳಲು ಸೂಚಿಸಿದರು. ಬೆಂಕಿಕಡ್ಡಿಯ ತುಂಡು ಮತ್ತು ಅಂಟಿನಿಂದ ಕೆಲಸ ನಡೆಯುತ್ತಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಈ ಪೆಟ್ಟಿಗೆಯ ಮೇಲೆ ಅದು ಇದೆ, ಏಪ್ರನ್ನಿನ ಪೊಟ್ಟಣದ ಮೇಲೆ ನನಗೆ ಕಾಣಲಿಲ್ಲ. ಗುಲ್ಮದಂತಹ ಭಾಗಗಳು ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕವಾದ್ದರಿಂದ ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇದನ್ನು ಎತ್ತರದಲ್ಲಿಡಬೇಕು.

ಏಪ್ರನ್ನಿಗೆ ಆಳವಿಲ್ಲ, ಎಲ್ಲವೂ ಚಪ್ಪಟೆ. ಆದರೂ ಐದು ವರ್ಷದವನಿಗೆ ಅದೇ ಹೆಚ್ಚು ಒಗ್ಗಿತು, ಏಕೆಂದರೆ ಅಲ್ಲಿ ಜಠರವನ್ನು ಅಂಟಿಸುವುದು ತನ್ನದೇ ಹೊಟ್ಟೆಯ ಮೇಲೆ, ಎಡಬಲದ ಜಗಳವೂ ಇಲ್ಲ. ಏಳು ವರ್ಷದೊಳಗಿನವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ, ಪಕ್ಕದಲ್ಲಿ ಕೂರಲು ದೊಡ್ಡವರೊಬ್ಬರಿಗೆ ವಾರಕ್ಕೆರಡು ಸಂಜೆ ಬಿಡುವಿದ್ದರೆ, ಮಾದರಿಗೆ ಕೊಟ್ಟ ಹಣ ದಂಡವಲ್ಲ. ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟು ಸುಮ್ಮನಾಗುವುದಾದರೆ ಬೇರೇನಾದರೂ ಕೊಡುವುದು ಲೇಸು. ನಮ್ಮ ಮನೆಯ ಕಪಾಟಿನಲ್ಲಿ ಬಾಟಲಿಯೂ ಮಾದರಿಯ ಪಕ್ಕದಲ್ಲೇ ನಿಂತಿದೆ, ಅದರ ಬಲೂನುಗಳನ್ನು ಈವರೆಗೆ ಮೂರು ಬಾರಿ ಬದಲಾಯಿಸಿದ್ದೇವೆ.